ಸೋಲುವ ಕೆಲಸ

ಸೋಲೋದಕ್ಕೂ ಕಸುಬುಗಾರಿಕೆ ಬೇಕು ಅಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ಆದರೆ ರೇಸಿನ ಕುದುರೆ ಪಳಗಿಸುವವರ ಮನೆಗೆ ಹೋಗಿ ನಗಬೇಡಿ, ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಟ್ಟಾರು. ಅಲ್ಲಿ ಸೋಲುವುದಕ್ಕೆಂದೇ ಒಂದು ಕುದುರೆ ಇರುತ್ತದೆ. ಅದನ್ನು ಯಾರಿಗೂ ಗೊತ್ತಾಗದ ಹಾಗೆ ಸೋಲಿಸುವುದಕ್ಕೆಂದೇ ಒಬ್ಬ ಸವಾರನೂ ಇರುತ್ತಾನೆ. ನಾನು ಹೇಳಹೊರಟ ಮನೆಯಲ್ಲಿ ಆ ಕುದುರೆಯನ್ನು ತಾತ ಅಂತ ಕರೆಯುತ್ತಿದ್ದರು, ಆ ಸವಾರನನ್ನು ಕುಳ್ಳ ಅಂತ.

ಯಾಕೆ ಇಂಥದೊಂದು ಏರ್ಪಾಡು ಅಂತೀರೋ? ಎಳೆಯ ಕುದುರೆಯನ್ನು ಒಂಟಿಯಾಗಿ ಎಷ್ಟು ಓಡಿಸಿದರೂ ಅದಕ್ಕೆ ಓಟದ ರುಚಿ ಹತ್ತುವುದಿಲ್ಲ. ಮುಂದೊಂದು ಕುದುರೆ ಓಡಬೇಕು, ಅದನ್ನು ಹಿಂದೆ ಹಾಕಬೇಕು, ಹಾಕಿದೆನಲ್ಲ ಅನ್ನೋ ಕೊಬ್ಬು ಮೈಗೇರಬೇಕು. ಅದಕ್ಕೇ ದಿನಾ ಬೆಳಗ್ಗೆ ಇಳಿಜಾರಿನ ಹುಲ್ಲುಗಾವಲಿನ ಕೆಳಗಿನಿಂದ ತಾತ ಮುಂದೆ ಹೊರಡುತ್ತಿದ್ದ, ಹಿಂದೆ ಮರಿ ಕುದುರೆ. ಕೊನೆಯ ತಿರುವು ದಾಟಿದ ಮೇಲೆ ಕುಳ್ಳ ಲಗಾಮಿನ ಮೇಲೆ ಬೆರಳು ಮಡಚುತ್ತಿದ್ದ. ಮಡಚಿದ್ದು ಯಾರಿಗೂ ಕಾಣುತ್ತಿರಲಿಲ್ಲ, ಕೈ ಕುದುರೆಯ ಕತ್ತಿನ ಕೂದಲಲ್ಲಿ, ಕೇಸರದ ಒಳಗೆ ಹುದುಗಿರುತ್ತಿತ್ತು. ತಾತ ಒಂಚೂರು ಕುಗ್ಗುತ್ತಿದ್ದ, ಮರಿ ಒಂದು ಕುತ್ತಿಗೆಯಷ್ಟು ಮುಂದೆ ದಾಟಿ ಗುಡ್ಡದ ತುದಿ ಮುಟ್ಟುತ್ತಿತ್ತು. "ಒಂದು ಕುತ್ತಿಗೆ, ಅಷ್ಟೆ" ಅನ್ನೋದು ಅಕ್ಕನ ಕಟ್ಟಾಜ್ಞೆ. ಅದಕ್ಕಿಂತ ಹೆಚ್ಚು ಬಿಟ್ಟುಕೊಟ್ಟರೆ ಮರಿ ಸೋಮಾರಿಯಾಗುತ್ತದೆ, ಲೋಕವೇ ತನಗೆ ದಾರಿ ಬಿಡುತ್ತದೆ ಅಂದುಕೊಳ್ಳುತ್ತದೆ ಅಂತ ಅವಳ ವಾದ.

ಅಕ್ಕ ಅಂದರೆ ಕುಳ್ಳನ ಒಡಹುಟ್ಟಿದ ಅಕ್ಕ, ಲಾಯದ ಯಜಮಾನಿ, ಕುದುರೆ ಪಳಗಿಸುವ ಲೈಸೆನ್ಸು ಅವಳ ಹೆಸರಲ್ಲೇ ಇತ್ತು. ಮೇವಿನ ಕೋಣೆ ಭಾವನದು. ಬಾರ್ಲಿ ಬೇಯಿಸುವುದು, ಅಗಸೆ ನೆನೆಸುವುದು, ಒಣಹುಲ್ಲು ಮೂಸಿ ನೋಡುವುದು ಅವನ ಬದುಕು. ಅವರ ಮಗಳು ಮರಿಗಳ ಮೇಲೆ ಕೂರುತ್ತಿದ್ದಳು. ಆ ವರ್ಷವಷ್ಟೇ ಜಾಕಿಯ ಪರವಾನಗಿ ಸಿಕ್ಕಿದ ಹುಡುಗಿ, ನಾಲಗೆ ಕುದುರೆಗಿಂತ ಚುರುಕು.

ಅಕ್ಕನ ಹತ್ತಿರ ಓಟದ ಹೊತ್ತು ಅಳೆಯುವ ಸ್ಟಾಪ್‌ವಾಚೊಂದಿತ್ತು, ಮೊಳೆಗೆ ನೇತುಹಾಕಿದ್ದಳು, ಅಲ್ಲೇ ಜೇಡರಬಲೆ ಕಟ್ಟಿತ್ತು. "ಈ ಗುಡ್ಡದಲ್ಲಿ ಒಂದಿನ ಇಬ್ಬನಿ, ಒಂದಿನ ಕೆಸರು, ಒಂದಿನ ಕಲ್ಲಿನ ಹಾಗೆ ನೆಲ. ಗಡಿಯಾರ ಏನು ಹೇಳುತ್ತೆ, ಮಣ್ಣು?" ಅನ್ನುತ್ತಿದ್ದಳು. "ತಾತನೇ ನನ್ನ ಗಡಿಯಾರ. ಅವನು ಎಂದೂ ಹೆಚ್ಚುಕಮ್ಮಿ ಆಗೋನಲ್ಲ. ಅವನ ಪಕ್ಕ ಯಾರು ಎಷ್ಟು ಸಲೀಸಾಗಿ ಬರ್ತಾರೆ ಅಂತ ನೋಡಿದ್ರೆ ಸಾಕು, ಯಾವ ರೇಸಿಗೆ ಯಾರು ಅಂತ ಗೊತ್ತಾಗುತ್ತೆ." ಹಾಗೆ ನೋಡಿಯೇ ಅವಳು ಈವರೆಗೆ ಗೆದ್ದಿದ್ದಳು. ದೊಡ್ಡದಾಗಿ ಏನಲ್ಲ, ಮನೆ ನಡೆಯುವಷ್ಟು.

ಇನ್ನು ಕುಳ್ಳನ ಸಮಾಚಾರ. ಅವನೂ ಒಂದು ಕಾಲಕ್ಕೆ ಜಾಕಿ, ಒಳ್ಳೇ ಹೆಸರಿದ್ದ ಜಾಕಿ. ಒಂದು ದಿನ ಗೆಲ್ಲಲೇಬೇಕು ಅಂತ ಊರೆಲ್ಲ ನಂಬಿದ್ದ ಕುದುರೆಯ ಮೇಲೆ ಕೂತು ಎರಡನೆಯವನಾಗಿ ಬಂದ. ಆ ದಿನ ಕುದುರೆಯಲ್ಲಿ ಕಸುವೇ ಇರಲಿಲ್ಲ, ಕುಳ್ಳ ಪ್ರಾಣ ಪಣಕ್ಕಿಟ್ಟು ಓಡಿಸಿದ್ದ. ಆದರೆ ರೇಸಿನ ಕಮಿಟಿಯವರು ಲಗಾಮು ಎಳೆದು ಹಿಡಿದಿದ್ದಾನೆ, ಬೇಕಂತಲೇ ಸೋತಿದ್ದಾನೆ ಅಂತ ತೀರ್ಮಾನಿಸಿದರು. ಲೈಸೆನ್ಸು ಹೋಯಿತು. ಗೊತ್ತಾಗಿದ್ದ ಮದುವೆ ತಪ್ಪಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋದಿಲ್ಲ ಅಂತಾರಲ್ಲ, ಇವನದು ಅಡಿಕೆಯ ಆಸೆಯೂ ಇಲ್ಲದೆ ಹೋದ ಮಾನ. ಸ್ನೇಹಿತರು, ನೆಂಟರು, ಜೊತೆಗೆ ಓಡಿಸಿದವರು ಎಲ್ಲರೂ ಮುಖದ ಮೇಲೆ ಅಯ್ಯೋ ಪಾಪ ಅಂದು ಬೆನ್ನ ಹಿಂದೆ ಮಾಡಿದ್ದುಣ್ಣೋ ಮಹರಾಯ ಅಂದರು.

ನಂಬಿದವಳು ಅಕ್ಕ ಒಬ್ಬಳೇ. ಕಮಿಟಿ ಕೋಣೆಯ ಹೊರಗೆ, ಅಷ್ಟು ಜನರ ನಡುವೆ, "ನನ್ನ ತಮ್ಮನ ಕೈ ನನಗೆ ಗೊತ್ತು. ಅವನ ಬಾಯಿ ಬೇಕಾದ್ರೆ ಸುಳ್ಳು ಹೇಳೀತು, ಕೈ ಹೇಳಲ್ಲ" ಅಂದಿದ್ದಳು. ಅವತ್ತು ಅಂದವಳು ಆಮೇಲೂ ನಿಲ್ಲಿಸಲಿಲ್ಲ. ಲಾಳ ಹೊಡೆಯುವವನಿಗೂ ಅದನ್ನೇ, ಹುಲ್ಲು ತರುವವನಿಗೂ ಅದನ್ನೇ ಹೇಳುವಳು. ಅದಕ್ಕೇ ತಾತನನ್ನು ಅವನ ಕೈಗೆ ಕೊಟ್ಟಿದ್ದು. ಭಾವ ಮಾತ್ರ, "ಹಿಡಿಯದೆ ಇದ್ದಾಗ ಕೆಲಸದಿಂದ ತೆಗೆದ್ರು, ಈಗ ಹಿಡಿಯೋದಕ್ಕೇ ಸಂಬಳ, ನಿನ್ನ ಹಣೆಬರಹ ಬರೆದೋನಿಗೆ ತಲೆ ಕೆಟ್ಟಿತ್ತು ಕಣಯ್ಯ" ಅಂತ ನಗಿಸುತ್ತಿದ್ದ. ಕುಳ್ಳ ನಗುತ್ತಿದ್ದ. ಅಕ್ಕ ನಂಬುತ್ತಾಳೆ ಅನ್ನೋದೊಂದು ಇತ್ತಲ್ಲ, ಅದರ ಮೇಲೆ ಅವನ ಊಟ, ನಿದ್ದೆ, ನಗು ಎಲ್ಲ ನಿಂತಿತ್ತು.

ಇಂಥ ಕುಳ್ಳ ಮಾಡಿದ್ದೇನು ಕೇಳಿ.

ಹಿಂದಿನ ಚಳಿಗಾಲದಲ್ಲಿ ಮನೆಯ ಗ್ರಹಚಾರ ನೆಟ್ಟಗಿರಲಿಲ್ಲ. ಮೂರು ಕುದುರೆಗಳ ಮಾಲೀಕರು ದೊಡ್ಡ ಲಾಯಕ್ಕೆ ಹೋಗುತ್ತೇವೆ ಅಂತ ಅವನ್ನು ಹೊಡೆದುಕೊಂಡು ಹೋದರು. ಖಾಲಿ ಕೊಟ್ಟಿಗೆಗಳ ಬಾಗಿಲು ಗಾಳಿಗೆ ಪಟಪಟ ಬಡಿಯುತ್ತಿತ್ತು. ಅಕ್ಕ ಎದ್ದು ಅದನ್ನು ಹಾಕಿಬರುತ್ತಲೂ ಇರಲಿಲ್ಲ. ಮಾತಿಗೆ ಹ್ಞಾಂ, ಹ್ಞೂಂ. ಉಳಿದ ಭರವಸೆ ಅಂದರೆ ಒಬ್ಬ ಹಲ್ಲಿನ ಡಾಕ್ಟರು ಪಳಗಿಸಲು ಬಿಟ್ಟಿದ್ದ ಹೆಣ್ಣು ಮರಿ, ಬಿಂಕಿ. ಹೆಸರಿಗೆ ತಕ್ಕ ಹಾಗೆ ಬಿಂಕವೇ ಬಿಂಕ. ನೋಡಲು ಚೆಲುವೆ, ಕಾಲು ಕಡೆದಿಟ್ಟ ಹಾಗೆ. ಆದರೆ ತಾತನ ಪಕ್ಕಕ್ಕೆ ಬಂದ ಕೂಡಲೇ ಜೊತೆ ಸಿಕ್ಕಿತಲ್ಲ ಸಾಕು ಅನ್ನುವ ಹಾಗೆ ಅಲ್ಲೇ ಓಡಿಕೊಂಡಿರುತ್ತಿದ್ದಳು, ಮುಂದೆ ದಾಟುತ್ತಿರಲಿಲ್ಲ. ಒಂದು ಬೆಳಗ್ಗೆ ಕುಳ್ಳನಿಗೆ ತಡೆಯಲಾಗಲಿಲ್ಲ. ದಾಟಲಿ ಈ ಮುಂಡೇದು ಅಂತ ಬೆರಳು ಸ್ವಲ್ಪ ಜೋರಾಗಿಯೇ ಮಡಚಿದ. ತಾತ ಕುಗ್ಗಿದ. ಬಿಂಕಿ ಕುತ್ತಿಗೆಯಷ್ಟಲ್ಲ, ಎರಡು ಕುದುರೆಯುದ್ದ ಮುಂದೆ ಹೋಗಿ ಗುಡ್ಡ ಏರಿದಳು.

ಮೇಲೆ ನಿಂತಿದ್ದ ಅಕ್ಕ ಟೋಪಿ ತೆಗೆದು ಗಾಳಿಗೆ ಎಸೆದಳು. ನಕ್ಕಳು, ಎಷ್ಟೋ ತಿಂಗಳ ಮೇಲೆ ಹೊಟ್ಟೆಯಿಂದ ಬಂದ ನಗು. "ನೋಡಿದ್ಯೇನೋ! ನೋಡಿದ್ಯೇನೋ ಅವಳನ್ನ!" ಅಂತ ಓಡಿ ಬಂದು ತಮ್ಮನ ಬೂಟು ಹಿಡಿದು ಅಲ್ಲಾಡಿಸಿದಳು. ಆಗಲೇ ಅವನು, ಇಲ್ಲ ಅಕ್ಕ, ಇವತ್ತು ನಾನು ಸ್ವಲ್ಪ ಜಾಸ್ತಿ ಹಿಡಿದೆ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ನಾಳೆಯಿಂದ ಸರಿಮಾಡಿದರಾಯಿತು ಅಂದುಕೊಂಡ.

ನಾಳೆ ಸರಿಮಾಡಿದ್ದರೆ ಅಕ್ಕನ ಮುಖ ಮತ್ತೆ ಇಳಿಯುತ್ತಿತ್ತು. ಅದಕ್ಕೆ ನಾಳೆಯೂ ಹಿಡಿದ. ಮೊದಲ ದಿನಕ್ಕೆ ಕರುಣೆ ಅಂತ ಹೆಸರಿತ್ತು, ಎರಡನೇ ದಿನದಿಂದ ಅದಕ್ಕೆ ಹೆಸರಿರಲಿಲ್ಲ. ಹುಲ್ಲು ಹಸಿರಾಗುವ ಹೊತ್ತಿಗೆ ಬಿಂಕಿ ಮೂರು ಉದ್ದ ಗೆಲ್ಲುತ್ತಿದ್ದಳು, ನಾಲ್ಕು ಉದ್ದ ಗೆಲ್ಲುತ್ತಿದ್ದಳು, ಅಕ್ಕ ಹಾಡು ಗುನುಗುತ್ತ ಲಾಯ ಗುಡಿಸುತ್ತಿದ್ದಳು, ಭಾವ ತನ್ನ ಗಂಜಿಯ ಮಹಿಮೆ ಹಾಡುತ್ತಿದ್ದ. "ಎಲ್ಲ ಅಗಸೆಬೀಜ ಕಣಯ್ಯ! ನೆನೆಸೋದರಲ್ಲಿದೆ ಗುಟ್ಟು" ಅಂತ ಕುಳ್ಳನ ಮೂಗಿನ ಹತ್ತಿರ ಸೌಟು ಹಿಡಿಯುತ್ತಿದ್ದ. ಕುಳ್ಳ ಹೌದು ಭಾವ, ಹೌದು ಭಾವ ಅನ್ನುತ್ತಿದ್ದ. ನಾಚಿಕೆ ಅನ್ನೋದು ಕೆಮ್ಮಿನ ಹಾಗೆ, ನಾಲ್ಕು ಜನ ಖುಷಿಯಾಗಿ ಕೂತಾಗಲೇ ಒತ್ತರಿಸಿಕೊಂಡು ಬರುತ್ತದೆ. ಊಟಕ್ಕೆ ಕೂತವನು ಅರ್ಧಕ್ಕೇ ಏಳುತ್ತಿದ್ದ.

ಅವನನ್ನು ಹೆಚ್ಚು ಸುಟ್ಟದ್ದು ಇನ್ನೊಂದು. ಬೇರೆಯವರು ಮಾಡಿದೆ ಅಂದ ತಪ್ಪನ್ನು ಅವನು ಆಗ ಮಾಡಿರಲಿಲ್ಲ. ಈಗ ಅದನ್ನೇ ಮಾಡುತ್ತಿದ್ದ, ಅದೇ ಬೆರಳಿನಿಂದ, ಮಾಡಿಲ್ಲ ಅಂತ ನಂಬಿದ ಒಬ್ಬಳಿಗೇ ಮಾಡುತ್ತಿದ್ದ. ಕೈ ತೊಳೆಯುವಾಗ ಅವನಿಗೆ ತನ್ನ ಕೈ ನೋಡಲು ಹೇಸಿಗೆಯಾಗುತ್ತಿತ್ತು.

ಒಂದು ದಿನ ಅಕ್ಕ ಎಲ್ಲರನ್ನೂ ಅಡುಗೆಮನೆಗೆ ಕರೆದು, ಬಿಂಕಿಯನ್ನು ಸಣ್ಣ ರೇಸಿನಲ್ಲಿ ಓಡಿಸೋದಿಲ್ಲ, ನೇರ ದೊಡ್ಡ ಓಟಕ್ಕೇ ಹೆಸರು ಕೊಟ್ಟಿದ್ದೇನೆ ಅಂದಳು. ಮೇಲೆ ಕೂರೋದು ಮಗಳು, ಅವಳಿಗೂ ಅದೇ ಮೊದಲ ಓಟ. ಹುಡುಗಿ ಸ್ಟೂಲಿನಿಂದ ಎದ್ದು ಅಮ್ಮನನ್ನು ತಬ್ಬಿಕೊಂಡಳು. ಹಲ್ಲಿನ ಡಾಕ್ಟರಂತೂ ಸಂಬಂಧಿಕರಿಗೆಲ್ಲ ಫೋನ್ ಮಾಡಿ ಮುಗಿಸಿದ್ದರಂತೆ. ಕುಳ್ಳನಿಗೆ ಮಾತ್ರ ಮುಂದಾಗುವುದು ಕಣ್ಣಿಗೆ ಕಟ್ಟಿತು. ದೊಡ್ಡ ಓಟ ಅಂದರೆ ಜನಸಾಗರದ ಮುಂದೆ ಆ ಮಗು ಎಲ್ಲರಿಗಿಂತ ಹಿಂದೆ, ಧೂಳು ತಿನ್ನುತ್ತ ಬರುತ್ತಾಳೆ, ಆಮೇಲೆ ಅಕ್ಕನ ಲಾಯದ ಕಡೆ ಯಾರೂ ತಲೆ ಹಾಕುವುದಿಲ್ಲ.

"ಸಣ್ಣದೊಂದು ಓಡಿಸಿ ನೋಡಬಹುದಿತ್ತಲ್ಲ ಅಕ್ಕಾ" ಅಂದ.

"ನೋಡೋದೇನಿದೆ? ತಾತ ಹೇಳ್ತಿದ್ದಾನಲ್ಲ."

"ತಾತನಿಗೂ ವಯಸ್ಸಾಯ್ತು, ಮೊದಲಿನ ಹಾಗೆ ಓಡ್ತಿಲ್ಲವೇನೋ."

ಅಕ್ಕ ಅವನ ಭುಜದ ಮೇಲೆ ಕೈಯಿಟ್ಟಳು. "ತಾತನ ಮೇಲೆ ನೀನಿದ್ದೀಯ. ಹೆಚ್ಚುಕಮ್ಮಿ ಆಗಿದ್ರೆ ನಿನ್ನ ಕೈಗೆ ಗೊತ್ತಾಗ್ತಿತ್ತು, ನನಗೆ ಹೇಳ್ತಿದ್ದೆ." ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅಲ್ಲಿಂದೆದ್ದು ಹೋಗಿ ತಾತನ ಗೊರಸಿನ ಮಣ್ಣು ಕೆರೆಯುತ್ತ ಕೂತ.

ಆಮೇಲೆ ಹೇಡಿಗೆ ಹೊಳೆಯುವ ಉಪಾಯವೇ ಅವನಿಗೂ ಹೊಳೆಯಿತು. ಬಾಯಿಂದ ಹೇಳಲಾಗದ್ದನ್ನು ಕುದುರೆಯಿಂದ ಹೇಳಿಸುವುದು. ಓಟಕ್ಕೆ ಮುಂಚಿನ ಕೊನೆಯ ಜೋರು ತಾಲೀಮಿನ ಬೆಳಗ್ಗೆ ಹಿಡಿಯದೆ ಓಡಿಸುತ್ತೇನೆ, ಬಿಂಕಿಯ ಯೋಗ್ಯತೆ ಎಷ್ಟು ಅಂತ ಅಕ್ಕನೇ ನೋಡುತ್ತಾಳೆ, ಓಟದಿಂದ ಹೆಸರು ತೆಗೆಸುತ್ತಾಳೆ, ತನ್ನ ಹೆಸರು ಎಲ್ಲೂ ಬರೋದಿಲ್ಲ ಅಂತ ಲೆಕ್ಕ ಹಾಕಿದ. ಭಲೇ ಬುದ್ಧಿವಂತ!

ಆ ಬೆಳಗ್ಗೆ ಗುಡ್ಡದ ಮೇಲೆ ಅಕ್ಕ, ಭಾವ, ಹಲ್ಲಿನ ಡಾಕ್ಟರು ನಿಂತಿದ್ದರು. ಡಾಕ್ಟರ ಕೊರಳಲ್ಲಿ ಹೊಸ ಕ್ಯಾಮೆರಾ. ತಾತ ಎಂದಿನಂತೆ ಮುಂದೆ ಹೊರಟ. ಕೊನೆಯ ತಿರುವು ಬಂತು. ಬೆರಳು ಮಡಚುವ ಜಾಗ ಬಂತು. ಕುಳ್ಳ ಮಡಚಲಿಲ್ಲ. ತಾತ ಒಂದು ಕ್ಷಣ ಕಿವಿ ಹಿಂದೆ ಮಾಡಿ ಕಾದ, ಏನಯ್ಯಾ, ಹಿಡಿಯೋದಿಲ್ಲವಾ ಅಂತ ಕೇಳುವ ಹಾಗೆ. ಆಮೇಲೆ ಆ ಮುದಿ ಪ್ರಾಣಿ ಮೈಚಾಚಿ ಓಡಿತು ನೋಡಿ! ಹಿಂದಿನಿಂದ ಬಿಂಕಿಯ ಉಸಿರು ಕೇಳುತ್ತಿದ್ದದ್ದು ದೂರವಾಯಿತು, ಇನ್ನೂ ದೂರವಾಯಿತು. ಹುಡುಗಿ ಎಂದೂ ಎತ್ತದ ಚಾಟಿ ಬೀಸಿದ ಸದ್ದು ಬಂತು. ತಾತ ಗುಡ್ಡದ ತುದಿ ಮುಟ್ಟಿ ನಿಂತು ತಿರುಗಿ ನೋಡಿದಾಗ ಬಿಂಕಿ ಇನ್ನೂ ಇಳಿಜಾರಿನಲ್ಲೇ ಇದ್ದಳು, ಕತ್ತು ಅಡ್ಡ ಹಾಕಿ ಕುಂಟು ನಡಿಗೆಯ ಹಾಗೆ ಬರುತ್ತಿದ್ದಳು.

ಅಕ್ಕ ಓಡಿ ಹೋಗಿದ್ದು ಬಿಂಕಿಯ ಹತ್ತಿರ. ಕಾಲು ಮುಟ್ಟಿ ನೋಡಿದಳು, ಎದೆಗೆ ಕಿವಿಯಿಟ್ಟಳು, ಕಣ್ಣಿನ ರೆಪ್ಪೆ ಎತ್ತಿದಳು. "ಏನೋ ಆಗಿದೆ ಇವಳಿಗೆ. ಹುಷಾರಿಲ್ಲ." ಕುಳ್ಳ ಅಂದುಕೊಂಡಿದ್ದೇನು, ಆಗಿದ್ದೇನು! ಕುದುರೆ ನಿಧಾನ ಅನ್ನೋದು ಅಕ್ಕನ ತಲೆಗೆ ಹೋಗಲೇ ಇಲ್ಲ. ಹೇಗೆ ಹೋದೀತು? ಗಡಿಯಾರ ಸುಳ್ಳು ಹೇಳೋದಿಲ್ಲವಲ್ಲ.

ಹುಡುಗಿ ಜೀನಿನಿಂದ ಇಳಿದವಳೇ ಅತ್ತಳು. "ನಂದೇ ತಪ್ಪು ಅಮ್ಮಾ, ನಾನೇ ತಿರುವಿನಲ್ಲಿ ಅವಳ ಬಾಯಿ ಎಳೆದುಬಿಟ್ಟೆನೋ ಏನೋ. ಮಾಮ, ನೀನು ನೋಡಿದ್ಯಾ? ನಾನು ಎಳೆದ್ನಾ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇವನು ಹೆಗಲು ಮುಟ್ಟಿಕೊಳ್ಳುವಷ್ಟೂ ಪ್ರಾಮಾಣಿಕನಾಗಿ ಉಳಿದಿರಲಿಲ್ಲ. "ಗಮನಿಸಲಿಲ್ಲ ಕಣಮ್ಮ" ಅಂದ.

ದನಕುದುರೆ ಡಾಕ್ಟರು ಬಂದರು, ಜ್ವರ ನೋಡಿದರು, ರಕ್ತ ತೆಗೆದುಕೊಂಡರು, ಮೇಲ್ನೋಟಕ್ಕೆ ಏನೂ ಇಲ್ಲ, ಹೊಟ್ಟೆಯದಿರಬಹುದು, ಏನು ತಿಂದಿದೆ ಅಂತ ಕೇಳಿದರು. ಅಷ್ಟು ಕೇಳಿದ್ದೇ ತಡ, ಅಕ್ಕ ಮೇವಿನ ಕೋಣೆಗೆ ನುಗ್ಗಿದಳು. ಡಬ್ಬಿಗಳ ಮುಚ್ಚಳ ಕಿತ್ತು ಎಸೆದಳು. "ಹೊಸ ಹುಲ್ಲು ಯಾವಾಗ ಬಂತು? ನೋಡಿದ್ರಾ? ಮೂಸಿದ್ರಾ? ಅಗಸೆ ಸರಿಯಾಗಿ ಬೇಯಿಸಿದ್ರಾ? ನಿಮ್ಮ ಮಾತಿನ ಭರಾಟೆಯಲ್ಲಿ ಒಲೆ ಮೇಲೆ ಗಮನ ಎಲ್ಲಿರುತ್ತೆ! ಒಂದು ಕೆಲಸ, ಇಡೀ ಜನ್ಮಕ್ಕೆ ಒಂದೇ ಒಂದು ಕೆಲಸ ನಿಮಗೆ ಬಿಟ್ಟಿದ್ದು!"

ಭಾವ ಎದುರಾಡಲಿಲ್ಲ. ಯಾವ ಮಾತಿಗೂ ಒಂದು ನಗೆಚಾಟಿಕೆ ಇಟ್ಟುಕೊಂಡಿದ್ದ ಮನುಷ್ಯನ ಮುಖ ಬೂದಿಯಾಗಿತ್ತು. "ಇರಬಹುದು ಕಣೇ. ಒಂದು ಮೂಟೆ ಒದ್ದೆ ವಾಸನೆ ಇತ್ತೇನೋ, ನನಗೇ ಮೂಗು ಸರಿಯಿಲ್ಲ ಈಗೀಗ" ಅಂದ. ಒಳ್ಳೇ ಬಾರ್ಲಿಯ ಮೂಟೆಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು ತಿಪ್ಪೆಯ ಕಡೆ ನಡೆದ. ಸೊಂಟ ಹಿಡಿದುಕೊಂಡು ನಿಲ್ಲುವುದು, ಮತ್ತೆ ನಡೆಯುವುದು.

ಮಂಗ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅನ್ನೋದನ್ನು ಕುಳ್ಳ ಚಿಕ್ಕಂದಿನಿಂದ ಕೇಳಿದ್ದ. ಇವತ್ತು ಮಂಗ ಲಾಯದ ಕಂಬಕ್ಕೆ ಒರಗಿ ನಿಂತು ಮೇಕೆಯನ್ನು ನೋಡುತ್ತಿತ್ತು. ಮೂರನೇ ಮೂಟೆಗೆ ಭಾವ ಬಗ್ಗಿದಾಗ ಅವನಿಂದ ತಡೆಯಲಾಗಲಿಲ್ಲ. ಹೋಗಿ ಮೂಟೆಯ ಮೇಲೆ ಕೈಯಿಟ್ಟ.

"ಬೇಡ ಭಾವ. ಅಕ್ಕಾ, ಮೇವಿನಲ್ಲಿ ಏನೂ ಇಲ್ಲ."

"ನಿನಗೇನು ಗೊತ್ತು?"

"ಬಿಂಕಿಗೂ ಏನೂ ಆಗಿಲ್ಲ. ಇವತ್ತು ಓಡಿದಳಲ್ಲ, ಅವಳು ಯಾವಾಗಲೂ ಓಡ್ತಿದ್ದದ್ದೇ ಅಷ್ಟು. ನಾನು ತಾತನ್ನ ಹಿಡೀತಿದ್ದೆ."

"ಹಿಡಿಯೋದೇ ಅಲ್ವೇನೋ ನಿನ್ನ ಕೆಲಸ?" ಅಂದಳು ಅಕ್ಕ, ಇನ್ನೂ ಅರ್ಥವಾಗದೆ.

"ಕುತ್ತಿಗೆಯಷ್ಟಲ್ಲ ಅಕ್ಕಾ. ಜಾಸ್ತಿ. ಚಳಿಗಾಲದಿಂದ."

"ಎಷ್ಟು?"

ಅವನು ಕೋಣೆಯ ಈ ಗೋಡೆ ತೋರಿಸಿದ, ಇಷ್ಟು ಅನ್ನುವ ಹಾಗೆ ಆ ಗೋಡೆ ತೋರಿಸಿದ. ಹುಡುಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು, ಅಳು ನಿಂತಿತ್ತು. ಭಾವ ಮೂಟೆಯ ಮೇಲೆ ಕುಸಿದು ಕೂತ. "ಅಂದ್ರೆ, ನನ್ನ ಗಂಜಿ ಕೆಲಸ ಮಾಡಿರಲೇ ಇಲ್ವಾ?" ಅಂತ ಕೇಳಿದ. ತಪ್ಪು ತನ್ನದಲ್ಲ ಅಂತ ಸಮಾಧಾನ ಪಡಬೇಕಾದವನು ಹಾಗೆ ಕೇಳಿದ್ದು ಕುಳ್ಳನಿಗೆ ಚಾಟಿಯೇಟಿಗಿಂತ ನೋವಾಯಿತು.

"ಯಾಕೋ?" ಅಂದಳು ಅಕ್ಕ.

"ನೀನು ನಕ್ಕೆ. ಅವತ್ತು ಟೋಪಿ ಎಸೆದು ನಕ್ಕೆ. ಆಮೇಲೆ ನಿಲ್ಲಿಸೋಕೆ ಆಗಲಿಲ್ಲ. ಬೈಯಿ ಅಕ್ಕಾ. ಹೊಡಿ ಬೇಕಾದ್ರೆ. ಥೂ ಅಂತ ಉಗಿ."

ಅಕ್ಕ ಬೈಯಲಿಲ್ಲ. ಗಂಡನಿಗೆ "ಮೂಟೆ ಒಳಗೆ ಇಡಿ" ಅಂದಳು, ಮಗಳಿಗೆ "ಹೋಗಿ ಬಿಂಕಿಗೆ ನೀರು ಕೊಡು" ಅಂದಳು. ಬಿದ್ದಿದ್ದ ಮುಚ್ಚಳಗಳನ್ನು ಎತ್ತಿ ಒಂದೊಂದೇ ಡಬ್ಬಿಗೆ ಹಾಕಿದಳು. ಹಾಕುತ್ತ ಹಾಕುತ್ತ ಅವಳ ಕೈ ನಿಂತಿತು. ಏನನ್ನೋ ನೆನೆಸಿಕೊಂಡವಳ ಹಾಗೆ, ಮೆಲ್ಲಗೆ, ಕೋಪವೇ ಇಲ್ಲದೆ ಕೇಳಿದಳು.

"ಹಾಗಾದ್ರೆ, ಅವತ್ತು ರೇಸಿನಲ್ಲಿ?"

ಕುಳ್ಳ ಬೈಗುಳಕ್ಕೆ, ಹೊಡೆತಕ್ಕೆ, ಗಂಟುಮೂಟೆ ಕಟ್ಟು ಅನ್ನೋದಕ್ಕೆ ಎಲ್ಲ ಸಿದ್ಧವಾಗಿ ಬಂದಿದ್ದ. ಇದೊಂದಕ್ಕೆ ಬಂದಿರಲಿಲ್ಲ.

"ಇಲ್ಲ ಅಕ್ಕಾ! ಅವತ್ತು ಹಿಡಿದಿರಲಿಲ್ಲ. ನಿನ್ನಾಣೆ ಹಿಡಿದಿರಲಿಲ್ಲ. ಅವತ್ತು ಕುದುರೆಯಲ್ಲೇ ಕಸುವಿರಲಿಲ್ಲ!"

"ಹೂಂ" ಅಂದಳು ಅಕ್ಕ. ಮಕ್ಕಳು ಕಥೆ ಹೇಳುವಾಗ ದೊಡ್ಡವರು ಅನ್ನುತ್ತಾರಲ್ಲ, ಅಂಥ ಹೂಂ. ಕೊನೆಯ ಮುಚ್ಚಳ ಹಾಕಿ ಹೊರಗೆ ಹೋದಳು.

ಮಧ್ಯಾಹ್ನ ಅವಳೇ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದ್ದು ಗೋಡೆಯಾಚೆಯಿಂದ ಕೇಳಿಸಿತು. "ನನ್ನ ಅಂದಾಜು ತಪ್ಪಿತು ಡಾಕ್ಟ್ರೇ. ಹೆಸರು ವಾಪಸ್ ತಗೊಳ್ಳೋಣ, ಸಣ್ಣದರಲ್ಲಿ ಓಡಿಸೋಣ. ಇಲ್ಲ, ಬೇರೆ ಯಾರದೂ ತಪ್ಪಿಲ್ಲ." ತಮ್ಮನ ಹೆಸರೆತ್ತಲಿಲ್ಲ. ಎತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಕಡೆಯಿಂದ ಡಾಕ್ಟರು ಏನೇನು ಅಂದರೋ, ಅವಳು ತುಂಬ ಹೊತ್ತು ಸರಿ, ಸರಿ ಅನ್ನುತ್ತಲೇ ಇದ್ದಳು.

ಮರುದಿನ ಬೆಳಗ್ಗೆ ಕುಳ್ಳ ಚೀಲ ಕಟ್ಟಿಕೊಂಡೇ ಲಾಯಕ್ಕೆ ಬಂದ. ತಾತನಿಗೆ ಜೀನು ಹಾಕಿ ನಿಲ್ಲಿಸಿತ್ತು. ಅಕ್ಕ ಚೀಲ ನೋಡಿದಳು, ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. "ಹತ್ತೋ ತಾತನ ಮೇಲೆ. ಒಂದು ಕುತ್ತಿಗೆ, ಅಷ್ಟೆ" ಅಂದಳು. ಅವನ ಕಣ್ಣಲ್ಲಿ ನೀರು ಬಂತು. ಕ್ಷಮಿಸಿದ್ದಾಳೆ, ದೇವರಂಥ ಅಕ್ಕ ಅಂದುಕೊಂಡ.

ತಾತ ಮುಂದೆ, ಬಿಂಕಿ ಹಿಂದೆ. ಗುಡ್ಡದ ಮೇಲೆ ಯಾವಾಗಲೂ ನಿಲ್ಲುವ ಜಾಗದಲ್ಲಿ ಅಕ್ಕ ಇರಲಿಲ್ಲ. ಕುಳ್ಳ ಹುಡುಕಿದ. ಕೊನೆಯ ತಿರುವಿನಲ್ಲಿ, ಬೇಲಿಗೆ ಅಂಟಿಕೊಂಡು, ಕೈ ಚಾಚಿದರೆ ಕುದುರೆಗೆ ತಾಗುವಷ್ಟು ಹತ್ತಿರದಲ್ಲಿ ನಿಂತಿದ್ದಳು. ಅಷ್ಟು ಹತ್ತಿರದಿಂದ ಓಟ ಕಾಣುವುದಿಲ್ಲ, ಬಿಂಕಿ ಎಷ್ಟು ಮುಂದೆ ಹೋದಳು ಅನ್ನೋದೂ ಕಾಣುವುದಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಅವಳ ಕಣ್ಣು ತಾತನ ಕೇಸರದ ಮೇಲೆ, ತಮ್ಮನ ಬೆರಳಿನ ಮೇಲೆ ನೆಟ್ಟಿತ್ತು.

ಕುಳ್ಳ ಕೈಯನ್ನು ಕೇಸರದಿಂದ ಹೊರಗೆ ತೆಗೆದ. ಮೊದಲ ದಿನ ಕುದುರೆ ಹತ್ತಿದ ಮಕ್ಕಳು ಹಿಡಿಯುವ ಹಾಗೆ ಲಗಾಮನ್ನು ಎದೆಯ ಮಟ್ಟಕ್ಕೆ ಎತ್ತಿ, ಎರಡೂ ಕೈ ಕಾಣುವ ಹಾಗೆ ಹಿಡಿದುಕೊಂಡು ಅಕ್ಕನ ಮುಂದೆ ಹಾದುಹೋದ.